ಅರ್ಹತೆಗಿಂತ ಚಿಕ್ಕ ಹುದ್ದೆಯ ಸಂದರ್ಶನ: ‘ಇಲ್ಲಿಗೆ ಯಾಕೆ ಬಂದಿರಿ?’ ಎಂಬುದಕ್ಕೆ ಉತ್ತರ ಕಟ್ಟುವ ಬಗೆ

“ನಿಮ್ಮ ರೆಸ್ಯೂಮೆ ತುಂಬಾ ಚೆನ್ನಾಗಿದೆ. ಆದರೆ ಇಷ್ಟೆಲ್ಲ ಅನುಭವ ಇಟ್ಟುಕೊಂಡು ಈ ಹುದ್ದೆಗೆ ಯಾಕೆ ಅರ್ಜಿ ಹಾಕಿದ್ರಿ?”

ಈ ಪ್ರಶ್ನೆ ಕೆಲವರಿಗೆ ಹೊಗಳಿಕೆಯಂತೆ ಕೇಳಿಸುತ್ತದೆ. ಅವರು ಹಳೆಯ ಸಾಧನೆಗಳನ್ನೆಲ್ಲ ಬಿಚ್ಚಿಟ್ಟು ತಮ್ಮ ಕಾಲ ಮೇಲೆ ತಾವೇ ಚಪ್ಪಡಿ ಎಳೆದುಕೊಳ್ಳುತ್ತಾರೆ. ಇನ್ನು ಕೆಲವರಿಗೆ ಅವಮಾನದಂತೆ ಕೇಳಿಸುತ್ತದೆ. “ಯಾವ ಕೆಲಸ ಕೊಟ್ರೂ ಮಾಡ್ತೀನಿ ಸರ್” ಎಂದು ಕುಗ್ಗಿಬಿಡುತ್ತಾರೆ. ಕೇಳಿದವರಿಗೆ ಬೇಕಿದ್ದದ್ದು ಇವೆರಡೂ ಅಲ್ಲ. ನಿಮಗೆ ಕೆಲಸ ಬರುತ್ತದೆಂಬುದು ರೆಸ್ಯೂಮೆ ನೋಡಿದಾಗಲೇ ಅವರಿಗೆ ಗೊತ್ತಾಗಿದೆ. ನಿಮ್ಮನ್ನು ತೆಗೆದುಕೊಂಡರೆ ಆರು ತಿಂಗಳ ಮೇಲೆ ತಮ್ಮ ಪಾಡೇನು ಎಂಬುದು ಅವರ ಚಿಂತೆ. ಉತ್ತರ ಆ ಚಿಂತೆಗೆ ಸಿಗಬೇಕು.

ಹಂತ 1: ಕೇಳುವವರ ಅಂಜಿಕೆ ಯಾವುದೆಂದು ಗುರುತಿಸಿ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ನಗರದ ಪೊಲೀಸ್ ಇಲಾಖೆ 1990ರ ದಶಕದಲ್ಲಿ ಒಬ್ಬ ಅಭ್ಯರ್ಥಿಯನ್ನು ಸಂದರ್ಶನಕ್ಕೇ ಕರೆಯಲಿಲ್ಲ. ಕಾರಣ, ಬುದ್ಧಿಮತ್ತೆ ಪರೀಕ್ಷೆಯಲ್ಲಿ ಅವರಿಗೆ ಅಂಕ ಜಾಸ್ತಿ ಬಂದಿತ್ತು. ಇಲಾಖೆ ಹುಡುಕುತ್ತಿದ್ದದ್ದು 20ರಿಂದ 27 ಅಂಕದವರನ್ನು, ಅವರು ಪಡೆದದ್ದು 33. ತೀರಾ ಬುದ್ಧಿವಂತರಿಗೆ ಪೊಲೀಸ್ ಕೆಲಸ ಬೇಗ ಬೇಸರವಾಗುತ್ತದೆ, ದುಡ್ಡು ಸುರಿದು ತರಬೇತಿ ಕೊಟ್ಟ ಮೇಲೆ ಬಿಟ್ಟುಹೋಗುತ್ತಾರೆ ಎಂಬುದು ಇಲಾಖೆಯ ವಾದ. ಅಭ್ಯರ್ಥಿ ನ್ಯಾಯಾಲಯದ ಮೆಟ್ಟಿಲೇರಿದರು. 2000ದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೂ ಅವರ ಕೈಹಿಡಿಯಲಿಲ್ಲ. ಇಲಾಖೆಯ ನಂಬಿಕೆ ಸರಿಯೇ ತಪ್ಪೇ ಎಂಬುದು ಬೇರೆ ಮಾತು. ಆದರೆ ಆ ನಂಬಿಕೆ ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ಎಂಬುದು ಇದರಿಂದ ತಿಳಿಯುತ್ತದೆ.

ಈ ಅಂಜಿಕೆಯನ್ನೇ ಬಿಡಿಸಿ ನೋಡಿದ ಸಂಶೋಧನೆಯೂ ಇದೆ. ಅಡ್ಮಿನಿಸ್ಟ್ರೇಟಿವ್ ಸೈನ್ಸ್ ಕ್ವಾರ್ಟರ್ಲಿ ಎಂಬ ನಿಯತಕಾಲಿಕದಲ್ಲಿ 2020ರಲ್ಲಿ ಬಂದ ಗಾಲ್ಪೆರಿನ್, ಹಾಲ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ನೇಮಕ ಮಾಡುವವರು ಸಾಕಷ್ಟು ಅರ್ಹತೆ ಇರುವವರಿಗಿಂತ ಅತಿ ಸಮರ್ಥರನ್ನು ಹಿಂದಕ್ಕೆ ತಳ್ಳುವುದು ಎರಡು ಲೆಕ್ಕಾಚಾರದಿಂದ. ಇವರಿಗೆ ಹೊರಗೆ ಬೇಕಾದಷ್ಟು ಅವಕಾಶವಿದೆ, ಹಾರಿಹೋಗುತ್ತಾರೆ ಎಂಬುದು ಒಂದು. ಹೋಗದೆ ಉಳಿದರೂ ನಮ್ಮ ಸಂಸ್ಥೆಯ ಉದ್ದೇಶದಲ್ಲಿ ಇವರಿಗೆ ಅಷ್ಟೇನೂ ಆಸಕ್ತಿ ಇರುವುದಿಲ್ಲ, ಮೈಬಗ್ಗಿಸಿ ದುಡಿಯುವುದಿಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಅಭ್ಯರ್ಥಿಗಳು ಮರೆತೇಬಿಡುತ್ತಾರೆ. “ನಾನು ಬಿಟ್ಟುಹೋಗಲ್ಲ” ಎಂದು ಎಷ್ಟು ಸಲ ಹೇಳಿದರೂ ಅದು ಮೊದಲನೆಯದಕ್ಕೆ ಮಾತ್ರ ಉತ್ತರ.

ಎದುರು ಕೂತವರು ಯಾರೆಂಬುದರ ಮೇಲೂ ಅಂಜಿಕೆ ಬದಲಾಗುತ್ತದೆ. ಎಚ್‌ಆರ್‌ನವರಿಗೆ ಸಂಬಳದ ತಲೆನೋವು, ಮತ್ತೆ ಮೊದಲಿನಿಂದ ಜನ ಹುಡುಕಬೇಕಾದೀತು ಎಂಬ ತಲೆನೋವು. ನಾಳೆ ನಿಮ್ಮ ಮೇಲಧಿಕಾರಿಯಾಗುವವರದು ಬೇರೆ: ಇವರು ನನ್ನ ಮಾತು ಕೇಳುತ್ತಾರಾ, ಎಲ್ಲರೆದುರು ನನ್ನನ್ನು ತಿದ್ದುತ್ತಾರಾ, ವರ್ಷ ತಿರುಗುವುದರೊಳಗೆ ನನ್ನ ಕುರ್ಚಿಗೇ ಕಣ್ಣು ಹಾಕುತ್ತಾರಾ? ಇದನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ. “ನಮ್ಮದು ಚಿಕ್ಕ ವಯಸ್ಸಿನವರ ಟೀಮ್” ಎಂದೋ, “ಇಲ್ಲಿ ಎಲ್ಲರೂ ಎಲ್ಲ ಕೆಲಸ ಮಾಡಬೇಕಾಗುತ್ತೆ” ಎಂದೋ ಸುತ್ತುಬಳಸುತ್ತಾರೆ. ಅಂಥ ಮಾತು ಬಂದಾಗ ಅದು ಮಾಹಿತಿಯಲ್ಲ, ಪ್ರಶ್ನೆ ಎಂದು ತಿಳಿದುಕೊಳ್ಳಿ.

ಇದೆಲ್ಲದರ ಅಡಿಯಲ್ಲಿ ಇನ್ನೊಂದು ಅನುಮಾನವಿದೆ: ಅಷ್ಟು ದೊಡ್ಡ ಜಾಗದಲ್ಲಿದ್ದವರು ಇಳಿದು ಬರುತ್ತಿದ್ದಾರೆಂದರೆ ಅಲ್ಲಿ ಏನೋ ಆಗಿರಬೇಕು. ನೀವು ಕಾರಣ ಕೊಡದಿದ್ದರೆ ಅವರೇ ಒಂದನ್ನು ಕಟ್ಟಿಕೊಳ್ಳುತ್ತಾರೆ, ಅದೂ ವ್ಯಕ್ತಿಯನ್ನು ನೋಡಿಕೊಂಡು. ಆರ್ಗನೈಸೇಷನ್ ಸೈನ್ಸ್ ಪತ್ರಿಕೆಯಲ್ಲಿ ಕ್ಯಾಂಪ್‌ಬೆಲ್ ಮತ್ತು ಹಾಲ್ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಅರ್ಹತೆಯ ಪುರುಷರನ್ನು ‘ಬಿಟ್ಟುಹೋಗುವವರು’ ಎಂದು ಕಂಡ ನೇಮಕಾಧಿಕಾರಿಗಳು ಅಷ್ಟೇ ಅರ್ಹತೆಯ ಮಹಿಳೆಯರ ಬಗ್ಗೆ ಹಾಗೆ ಭಾವಿಸಲಿಲ್ಲ. ಹಿಂದಿನ ಕಡೆ ಮೇಲೇರಲು ಅಡ್ಡಿಯಿದ್ದಿರಬೇಕು, ಅದಕ್ಕೇ ಬರುತ್ತಿದ್ದಾರೆ ಎಂದು ಊಹಿಸಿಕೊಂಡರು. ಊಹೆ ನಿಮ್ಮ ಪರವಾಗಿದ್ದರೂ ಅದು ಊಹೆಯೇ. ಆ ಖಾಲಿ ಜಾಗವನ್ನು ನೀವೇ ತುಂಬಿ.

ಹಂತ 2: ನಿಜವಾದ ಕಾರಣಗಳನ್ನು ಕಾಗದಕ್ಕೆ ಇಳಿಸಿ

ಯಾರಿಗೂ ತೋರಿಸುವ ಕಾಗದವಲ್ಲ, ಮುಲಾಜು ಬೇಡ. ಉಳಿತಾಯ ಕರಗುತ್ತಿದೆ. ಜನರನ್ನು ಸಂಭಾಳಿಸಿ ಸಾಕಾಗಿದೆ. ಅಮ್ಮನ ಆರೋಗ್ಯ ಸರಿಯಿಲ್ಲ, ಸಂಜೆ ಹೊತ್ತಿಗೆ ಮನೆಯಲ್ಲಿರಬೇಕು. ಹಳೆಯ ಕ್ಷೇತ್ರದಲ್ಲಿ ಕೆಲಸವೇ ಇಲ್ಲ. ಈ ಕಚೇರಿ ಹತ್ತಿರ. ಈ ವಿಷಯ ಕಲಿಯುವ ಆಸೆ ಬಹಳ ದಿನದಿಂದ ಇತ್ತು. ಹೀಗೆ ತೋಚಿದ್ದೆಲ್ಲ ಬರೆಯಿರಿ.

ಈಗ ಅದನ್ನು ಎರಡು ಪಾಲು ಮಾಡಿ. ಹಳೆಯ ಕಡೆಯಿಂದ ನಿಮ್ಮನ್ನು ದೂಡಿದ್ದು ಒಂದು ಪಾಲು, ಈ ಕೆಲಸದ ಕಡೆಗೆ ಎಳೆದದ್ದು ಇನ್ನೊಂದು. ಸಂದರ್ಶನದಲ್ಲಿ ದೂಡಿದ್ದಕ್ಕೆ ಒಂದು ವಾಕ್ಯ ಸಾಕು, ಎಳೆದದ್ದಕ್ಕೆ ಉಳಿದ ಸಮಯವೆಲ್ಲ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ: ಹಳೆಯ ಕಂಪನಿಯ ಕಥೆ ಐದು ನಿಮಿಷ, ಹೊಸ ಕೆಲಸದ ಬಗ್ಗೆ “ಒಳ್ಳೆಯ ಅವಕಾಶ” ಎಂಬ ಎರಡೇ ಪದ.

ಎರಡನೆಯ ಪಾಲು ಖಾಲಿ ಉಳಿದರೆ? ಒಂದೋ ನೀವು ಆ ಕೆಲಸದ ವಿವರವನ್ನು ಸರಿಯಾಗಿ ಓದಿಲ್ಲ, ಅದಕ್ಕೆ ಮುಂದಿನ ಹಂತವಿದೆ. ಇಲ್ಲವೇ ಆ ಕೆಲಸ ನಿಮಗೆ ಬೇಕಾಗಿಲ್ಲ, ಒಳ್ಳೆಯದು ಸಿಗುವ ತನಕ ಒಂದು ನೆಲೆ ಬೇಕು, ಅಷ್ಟೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆಗ ಕಾಯಂ ಹುದ್ದೆಗಿಂತ ಅವಧಿ ನಿಗದಿಯಾದ ಕಾಂಟ್ರಾಕ್ಟ್ ಕೆಲಸ, ಯಾರೋ ದೀರ್ಘ ರಜೆ ಹೋದಾಗ ಅವರ ಜಾಗ ತುಂಬುವ ಕೆಲಸ, ಪ್ರಾಜೆಕ್ಟ್ ಲೆಕ್ಕದ ಕೆಲಸ ಹುಡುಕಿ. ಅಲ್ಲಿ ನಿಮ್ಮ ಹೆಚ್ಚಿನ ಅನುಭವ ಲಾಭವೇ: ಕಲಿಸುವ ಅಗತ್ಯವಿಲ್ಲದವರು ಅವರಿಗೂ ಬೇಕು. ಅವರ ಅಂಜಿಕೆ ನಿಮ್ಮ ವಿಷಯದಲ್ಲಿ ನಿಜವೇ ಆಗಿರುವಾಗ ಅದನ್ನು ಸುಳ್ಳೆಂದು ನಂಬಿಸುವ ಉಪಾಯ ಮಾತ್ರ ನನ್ನ ಬಳಿ ಇಲ್ಲ.

ಹಂತ 3: ಹುದ್ದೆಯ ಹೆಸರು ಬಿಡಿ, ದಿನದ ಕೆಲಸ ನೋಡಿ

‘ಚಿಕ್ಕ ಹುದ್ದೆ’ ಎಂದು ನಾವು ಅಳೆಯುವುದು ಹೆಸರಿನಿಂದ, ಸಂಬಳದಿಂದ. ಆದರೆ ಬೆಳಗ್ಗೆಯಿಂದ ಸಂಜೆಯವರೆಗೆ ಕೈ ಏನು ಮಾಡುತ್ತಿರುತ್ತದೆ ಎಂಬುದೇ ಬೇರೆ ಲೆಕ್ಕ. ನಿಮ್ಮ ಆಸಕ್ತಿಯ ಪುರಾವೆ ಸಿಗುವುದು ಅಲ್ಲಿ.

ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ. ಅಕೌಂಟ್ಸ್ ಮ್ಯಾನೇಜರ್ ಆಗಿದ್ದವರೊಬ್ಬರು ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಗೆ ಅರ್ಜಿ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಜಾಹೀರಾತಿನಲ್ಲಿ ನಾಲ್ಕು ಕೆಲಸ ಇದೆ: ವೆಂಡರ್ ಬಿಲ್‌ಗಳ ಎಂಟ್ರಿ, ಬ್ಯಾಂಕ್ ರಿಕನ್ಸಿಲಿಯೇಷನ್ (ಕಂಪನಿಯ ಲೆಕ್ಕಪುಸ್ತಕವನ್ನು ಬ್ಯಾಂಕಿನ ಲೆಕ್ಕದ ಜತೆ ತಾಳೆ ನೋಡುವುದು), ಬಾಕಿ ವಸೂಲಿಗೆ ಫೋನ್ ಮಾಡುವುದು, ತಿಂಗಳ ಕೊನೆಯ ಕ್ಲೋಸಿಂಗ್ (ಆ ತಿಂಗಳ ಲೆಕ್ಕ ಮುಗಿಸುವುದು). ಪ್ರತಿಯೊಂದರ ಮುಂದೆಯೂ ಒಂದು ಗುರುತು ಹಾಕಬೇಕು: ಇದು ನನಗೆ ಖುಷಿ, ಇದು ಪರವಾಗಿಲ್ಲ, ಇದು ಬೇಸರ. ಅವರಿಗೆ ರಿಕನ್ಸಿಲಿಯೇಷನ್ ಮತ್ತು ಕ್ಲೋಸಿಂಗ್ ಖುಷಿ, ಬಿಲ್ ಎಂಟ್ರಿ ಪರವಾಗಿಲ್ಲ, ವಸೂಲಿಯ ಫೋನ್ ಬೇಸರ. ನಾಲ್ಕರಲ್ಲಿ ಎರಡು ಖುಷಿ ಎಂದರೆ ಅದು ನಿಜವಾದ ಉತ್ತರಕ್ಕೆ ಬೇಕಾದಷ್ಟಾಯಿತು. ನಾಲ್ಕೂ ಖುಷಿ ಎಂದು ಹೇಳಿದರೆ ಯಾರೂ ನಂಬುವುದಿಲ್ಲ.

ಮುಂದಿನದು, ಆ ಖುಷಿಗೆ ಸಾಕ್ಷಿ ಹುಡುಕುವುದು. ಮ್ಯಾನೇಜರ್ ಆಗಿದ್ದಾಗಲೂ ಅವರು ಆ ಕೆಲಸವನ್ನು ಬೇರೆಯವರಿಗೆ ಬಿಡದೆ ತಾವೇ ಮಾಡುತ್ತಿದ್ದ ಸಂದರ್ಭ ಯಾವುದಾದರೂ ಇದೆಯೇ? ಎರಡು ಲೆಕ್ಕಗಳ ನಡುವಿನ ಸಣ್ಣ ವ್ಯತ್ಯಾಸವನ್ನು ಬೆನ್ನುಹತ್ತಿ, ಒಂದೇ ಚೆಕ್ ಎರಡು ಸಲ ನಮೂದಾಗಿತ್ತೆಂದು ಪತ್ತೆ ಹಚ್ಚಿದ ದಿನ? ಅಂಥದ್ದೊಂದು ಘಟನೆ ‘ನನಗೆ ಈ ಕೆಲಸದಲ್ಲಿ ಅಪಾರ ಆಸಕ್ತಿ’ ಎಂಬ ಹತ್ತು ವಾಕ್ಯಗಳ ಬದಲಿಗೆ ಸಾಕು. ಕೇಳುವವರು ಇದನ್ನು ಮರೆಯುವುದೂ ಇಲ್ಲ.

ಸಂಸ್ಥೆಯ ಬಗ್ಗೆಯೂ ಒಂದು ಗಟ್ಟಿ ವಿಷಯ ತಿಳಿದಿರಲಿ: ಅವರು ಏನು ತಯಾರಿಸುತ್ತಾರೆ, ಯಾರಿಗೆ ಮಾರುತ್ತಾರೆ, ಇತ್ತೀಚೆಗೆ ಏನು ಬದಲಾಗಿದೆ. ಹಂತ 1ರ ಎರಡನೆಯ ಅಂಜಿಕೆಗೆ, ಅಂದರೆ ‘ಇವರಿಗೆ ನಮ್ಮ ಮೇಲೆ ಆಸಕ್ತಿಯಿಲ್ಲ’ ಎಂಬುದಕ್ಕೆ, ಇದೇ ಮದ್ದು. ವೆಬ್‌ಸೈಟಿನ ಮೊದಲ ಪುಟದ ಘೋಷವಾಕ್ಯವನ್ನು ಒಪ್ಪಿಸಿದರೆ ಆಗುವುದಿಲ್ಲ.

ಹಂತ 4: ಒಂದು ನಿಮಿಷದ ಉತ್ತರ

ಉತ್ತರದಲ್ಲಿ ನಾಲ್ಕು ಸಂಗತಿ ಬರಬೇಕು: ಇಲ್ಲಿವರೆಗೆ ಏನಾಯಿತು ಎಂಬ ಒಂದು ಸಾಲು, ಈ ಕೆಲಸದಲ್ಲಿ ನಿಮಗೆ ಬೇಕಾದದ್ದೇನು, ಅದಕ್ಕೆ ಸಾಕ್ಷಿ, ಮತ್ತು ಬಿಟ್ಟುಕೊಡುತ್ತಿರುವುದೇನೆಂದು ಗೊತ್ತಿದ್ದೇ ಬಂದಿದ್ದೀರಿ ಎಂಬ ಮಾತು. ಮೇಲಿನ ಅಕೌಂಟ್ಸ್ ಮ್ಯಾನೇಜರ್ ಹೀಗೆ ಹೇಳಬಹುದು:

“ಮೇಡಂ, ಕಳೆದ ಕೆಲವು ವರ್ಷ ನಾನು ಮ್ಯಾನೇಜರ್ ಆಗಿದ್ದೆ. ದಿನದ ಬಹುಪಾಲು ಮೀಟಿಂಗ್, ಅಪ್ರೂವಲ್, ಟೀಮ್‌ನವರ ರಜೆ, ಇದರಲ್ಲೇ ಹೋಗ್ತಿತ್ತು. ನನಗೆ ಲೆಕ್ಕದ ಮುಂದೆ ಕೂತು ಕೆಲಸ ಮಾಡೋದು ಇಷ್ಟ. ಆಡಿಟ್ ಬಂದಾಗ ಬ್ಯಾಂಕ್ ರಿಕನ್ಸಿಲಿಯೇಷನ್ ಟೀಮ್‌ಗೆ ಬಿಡದೆ ನಾನೇ ಕೂತು ಮಾಡ್ತಿದ್ದೆ. ಒಂದು ಸಲ ಎಷ್ಟು ಮಾಡಿದರೂ ತಾಳೆ ಆಗ್ತಿರಲಿಲ್ಲ, ಕೊನೆಗೆ ಒಂದೇ ಚೆಕ್ ಎರಡು ಸಲ ನಮೂದಾಗಿದ್ದು ಸಿಕ್ತು. ನಿಮ್ಮ ಜಾಹೀರಾತಿನಲ್ಲಿ ರಿಕನ್ಸಿಲಿಯೇಷನ್ ಮತ್ತು ಕ್ಲೋಸಿಂಗ್ ಮುಖ್ಯ ಕೆಲಸ ಅಂತ ಇತ್ತು, ಅದನ್ನು ನೋಡಿಯೇ ಅರ್ಜಿ ಹಾಕಿದೆ. ಹುದ್ದೆ ಕೆಳಗಿನದು, ಸಂಬಳ ಕಡಿಮೆ ಅನ್ನೋದು ಗೊತ್ತು. ಮನೆಯವರ ಜತೆ ಕೂತು ಲೆಕ್ಕ ಹಾಕಿಯೇ ಬಂದಿದ್ದೀನಿ. ಟೀಮ್ ನಡೆಸೋ ಹುದ್ದೆಗಳಿಗೆ ನಾನೀಗ ಎಲ್ಲೂ ಅರ್ಜಿ ಹಾಕ್ತಿಲ್ಲ.”

ಗಮನಿಸಿ, ಇದರಲ್ಲಿ ಹಳೆಯ ಕಂಪನಿಯ ಮೇಲೆ ದೂರಿಲ್ಲ, ‘ಸುಸ್ತಾಗಿದೆ’ ಎಂಬ ಮಾತಿಲ್ಲ. ಚೆಕ್ಕಿನ ವಿಷಯ ಕೇಳಿದವರು ಖಂಡಿತ ಅದರ ಬಗ್ಗೆ ಇನ್ನೊಂದು ಪ್ರಶ್ನೆ ಹಾಕುತ್ತಾರೆ, ಅಲ್ಲಿಗೆ ಮಾತು ‘ಯಾಕೆ ಬಂದಿರಿ’ಯಿಂದ ಕೆಲಸದ ಕಡೆಗೆ ತಿರುಗುತ್ತದೆ. ಸಂಬಳದ ವಿಷಯವನ್ನು ಅವರು ಎತ್ತುವ ಮೊದಲೇ ನೀವು ಮುಟ್ಟಿದ್ದೀರಿ. ಇನ್ನು ಕೊನೆಯ ಸಾಲು: ಅದು ನಿಜವಾಗಿದ್ದರೆ ಮಾತ್ರ ಹೇಳಿ. ಜಾಬ್ ಪೋರ್ಟಲ್‌ನಲ್ಲಿ ನಿಮ್ಮ ಪ್ರೊಫೈಲ್ ಇನ್ನೂ ‘ಹಿರಿಯ ನಾಯಕತ್ವದ ಹುದ್ದೆ ಹುಡುಕುತ್ತಿದ್ದೇನೆ’ ಎನ್ನುತ್ತಿದ್ದರೆ, ಸಂದರ್ಶನ ಮುಗಿಯುವ ಮೊದಲೇ ಅವರು ಅದನ್ನು ನೋಡಿರುತ್ತಾರೆ.

ಕೇಳಲು ಚೆನ್ನಾಗಿದ್ದು ಕೆಲಸ ಕೆಡಿಸುವ ಉತ್ತರಗಳೂ ಕೆಲವಿವೆ. “ಒತ್ತಡ ಕಡಿಮೆ ಇರೋ ಕೆಲಸ ಬೇಕಿತ್ತು” ಎಂದರೆ ಅವರ ಕೆಲಸ ಸುಲಭ, ಅದನ್ನು ಮಾಡುವವರು ಆರಾಮಾಗಿದ್ದಾರೆ ಎಂದ ಹಾಗೆ. ದಿನವೂ ಅದೇ ಕೆಲಸದಲ್ಲಿ ಬೆವರುತ್ತಿರುವವರಿಗೆ ಅದು ಹೇಗೆ ಕೇಳಿಸೀತು? “ನನ್ನ ಅನುಭವದಿಂದ ನಿಮ್ಮ ಟೀಮನ್ನೇ ಮೇಲೆತ್ತಬಲ್ಲೆ” ಎಂಬುದು ಮುಂದಿನ ಮೇಲಧಿಕಾರಿಯ ನಿದ್ದೆಗೆಡಿಸಲು ಹೇಳಿ ಮಾಡಿಸಿದ ವಾಕ್ಯ. “ದುಡ್ಡು ನನಗೆ ಮುಖ್ಯ ಅಲ್ಲ” ಎಂಬುದನ್ನು ಎಚ್‌ಆರ್‌ನವರು ಎಷ್ಟು ಸಲ ಕೇಳಿರುತ್ತಾರೆಂದರೆ, ಅದು ಈಗ ಅವರ ಕಿವಿಗೇ ಬೀಳುವುದಿಲ್ಲ.

ಹಂತ 5: ನಿಮ್ಮ ಪರಿಸ್ಥಿತಿಗೆ ತಕ್ಕ ಹಾಗೆ ತಿದ್ದಿಕೊಳ್ಳಿ

ಕೆಲಸ ಹೋಗಿದ್ದರೆ, ಅಂದರೆ ಲೇಆಫ್ ಆಗಿದ್ದರೆ, ಅದನ್ನು ಮೊದಲ ವಾಕ್ಯದಲ್ಲೇ ಹೇಳಿ ಮುಗಿಸಿ. “ನಮ್ಮ ವಿಭಾಗವನ್ನೇ ಮುಚ್ಚಿದರು, ಅದರಲ್ಲಿ ನನ್ನ ಹುದ್ದೆಯೂ ಹೋಯ್ತು.” ಇಷ್ಟು ಸಾಕು. ಇದನ್ನು ಮರೆಮಾಚಲು ಹೋಗಿ ಇಲ್ಲದ ‘ಹೊಸ ಆಸಕ್ತಿ’ಯ ಕಥೆ ಕಟ್ಟುವವರೇ ಹೆಚ್ಚಾಗಿ ಸಿಕ್ಕಿಬೀಳುವುದು. ದುಡಿಮೆ ಬೇಕಾಗಿದೆ ಎಂಬುದನ್ನು ಒಪ್ಪಿಕೊಂಡ ಮೇಲೆ ಒಂದು ಮಾತು ಸೇರಿಸಿ: “ಕೆಲಸ ಬೇಕು ಅನ್ನೋದು ನಿಜ. ಆದರೆ ಸಿಕ್ಕಿದ್ದಕ್ಕೆಲ್ಲ ಅರ್ಜಿ ಹಾಕ್ತಿಲ್ಲ. ನಿಮ್ಮಲ್ಲಿಗೆ ಹಾಕಿದ್ದಕ್ಕೆ ಕಾರಣ ಇದೆ,” ಎಂದು ಹಂತ 3ರಲ್ಲಿ ಸಿಕ್ಕಿದ್ದನ್ನು ಹೇಳಿ. ಗರಜು ಒಪ್ಪಿಕೊಂಡವರ ಮುಂದಿನ ಮಾತಿಗೆ ತೂಕ ಹೆಚ್ಚು.

ಕ್ಷೇತ್ರ ಬದಲಿಸುತ್ತಿದ್ದರೆ ನಿಮ್ಮ ಸ್ಥಿತಿ ಎಲ್ಲರಿಗಿಂತ ಹಗುರ. ಹಳೆಯ ಕ್ಷೇತ್ರದಲ್ಲಿ ಹಿರಿಯರು, ಇಲ್ಲಿ ಹೊಸಬರು. ಹಾಗೆಂದು ನೇರವಾಗಿ ಹೇಳಬಹುದು. ಹೊಸದನ್ನು ಕಲಿಯಲು ಈಗಾಗಲೇ ಏನು ಮಾಡಿದ್ದೀರಿ ಎಂಬುದನ್ನು ತೋರಿಸಿ: ಮುಗಿಸಿದ ಕೋರ್ಸ್, ಬಿಡುವಿನಲ್ಲಿ ಮಾಡಿದ ಒಂದು ಸಣ್ಣ ಪ್ರಾಜೆಕ್ಟ್. ಕೈಯಲ್ಲಿ ಏನೂ ಇಲ್ಲದೆ ‘ಪ್ಯಾಷನ್’ ಎಂದರೆ ಪ್ರಯೋಜನವಿಲ್ಲ.

ಮನೆಯ ಜವಾಬ್ದಾರಿ ಕಾರಣವಾಗಿದ್ದರೆ ಎಲ್ಲವನ್ನೂ ಬಿಡಿಸಿ ಹೇಳುವ ಅಗತ್ಯವಿಲ್ಲ. “ಮನೆಯಲ್ಲಿ ಸಮಯ ಕೊಡಬೇಕಾಗಿದೆ, ಹಾಗಾಗಿ ಪ್ರಯಾಣ ಕಡಿಮೆ ಇರುವ, ಸಮಯ ನಿಗದಿಯಿರುವ ಕೆಲಸ ನೋಡ್ತಿದ್ದೀನಿ. ಈ ವ್ಯವಸ್ಥೆ ತಾತ್ಕಾಲಿಕ ಅಲ್ಲ” ಎಂದರೆ ಸಾಕು. ಕೊನೆಯ ವಾಕ್ಯವೇ ಇಲ್ಲಿ ಮುಖ್ಯ. ಪರಿಸ್ಥಿತಿ ಸುಧಾರಿಸಿದ ಕೂಡಲೇ ಹೊರಡುತ್ತೀರಿ ಎಂಬ ಅನುಮಾನ ಅದರಿಂದ ತಗ್ಗುತ್ತದೆ. ಯಾರಿಗೆ ಏನು ಕಾಯಿಲೆ ಎಂಬ ವಿವರ ಬೇಡ.

ಪಿಎಚ್‌ಡಿ ಮಾಡಿ ಸಂಶೋಧನೆಯಲ್ಲದ ಕೆಲಸಕ್ಕೆ ಬರುವವರಿಗೆ ಒಂದೇ ಸಲಹೆ: ಪ್ರಬಂಧದ ವಿಷಯ ವಿವರಿಸಲು ಹೋಗಬೇಡಿ, ಅದನ್ನು ಮಾಡುವಾಗ ಕೈಗೆ ಹತ್ತಿದ ಕೆಲಸಗಳನ್ನು ಹೇಳಿ. ಗಡುವಿನೊಳಗೆ ಬರೆಯುವುದು, ದತ್ತಾಂಶ ಜೋಡಿಸುವುದು, ಬೇರೆಯವರಿಂದ ಕೆಲಸ ತೆಗೆಸುವುದು. ಕೆಲವು ವರ್ಷ ಬಿಡುವು ತೆಗೆದುಕೊಂಡು ಮರಳುವವರು ‘ಮೊದಲಿನ ಮಟ್ಟಕ್ಕೇ ನೇರ ಹೋಗುವುದಕ್ಕಿಂತ ಕೈ ಪಳಗಿಸಿಕೊಂಡು ಹೋಗುವುದು ಇಷ್ಟ’ ಎನ್ನಬಹುದು. ಆದರೆ ಎಷ್ಟು ಕಾಲ ಎಂದು ಅವರು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ.

ವಯಸ್ಸು ಮೀರಿದವರ ವಿಷಯ ಸ್ವಲ್ಪ ಸೂಕ್ಷ್ಮ. ‘ಅರ್ಹತೆ ಹೆಚ್ಚಾಯಿತು’ ಎಂಬುದು ಕೆಲವೊಮ್ಮೆ ಬಾಯಿಬಿಟ್ಟು ಹೇಳಲಾಗದ ಇನ್ನೊಂದು ಕಾರಣಕ್ಕೆ ಹೊದಿಸಿದ ಹೊದಿಕೆ. ಅಮೆರಿಕದಲ್ಲಿ 40 ವರ್ಷ ತುಂಬಿದವರನ್ನು ಉದ್ಯೋಗದಲ್ಲಿ ವಯಸ್ಸಿನ ತಾರತಮ್ಯದಿಂದ ಕಾಪಾಡುವ ಕಾನೂನು 1967ರದು. ಅದರಡಿಯ ಒಂದು ಮೊಕದ್ದಮೆಯಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ 1991ರಲ್ಲಿ ಈ ಸಬೂಬಿನ ಹಿಂದೆ ವಯಸ್ಸೇ ಇರಬಹುದು ಎಂದು ಗುರುತಿಸಿತು. ಹಾಗೆಂದು ಸಂದರ್ಶನದ ಕೋಣೆಯಲ್ಲಿ ಕಾನೂನು ಮಾತಾಡಿದರೆ ಕೆಲಸ ಸಿಗುವುದಿಲ್ಲ. ಇತ್ತೀಚೆಗೆ ಕಲಿತ ಒಂದು ಸಾಫ್ಟ್‌ವೇರ್, ನಿಮಗಿಂತ ಕಿರಿಯರಿಂದ ಕಲಿತ ಒಂದು ವಿಷಯವನ್ನು ಮಾತಿನ ನಡುವೆ ತನ್ನಿ.

ಹಂತ 6: ಬೆನ್ನಿಗೇ ಬರುವ ಪ್ರಶ್ನೆಗಳು

ಮೊದಲ ಉತ್ತರ ಚೆನ್ನಾಗಿದ್ದಷ್ಟೂ ಮುಂದಿನ ಪ್ರಶ್ನೆ ಚೂಪಾಗುತ್ತದೆ.

“ನಾಳೆ ಹಳೆಯ ಮಟ್ಟದ ಆಫರ್ ಬಂದರೆ?” ‘ಎಂದೂ ಹೋಗಲ್ಲ’ ಎಂಬ ಆಣೆ ಬೇಡ. “ಬರಬಹುದು. ಆದರೆ ಆ ತರಹದ ಕೆಲಸ ಬಿಟ್ಟೇ ಇಲ್ಲಿಗೆ ಬಂದಿದ್ದೀನಿ. ಕಡಿಮೆ ಅಂದರೂ ಎರಡು ವರ್ಷ ಇಲ್ಲಿ ಇರೋ ಯೋಚನೆಯಲ್ಲೇ ಮನೆಯನ್ನೂ ಸಮೀಪಕ್ಕೆ ಬದಲಾಯಿಸ್ತಿದ್ದೀನಿ.” ಇಂಥ ಒಂದು ಗಟ್ಟಿ ವಿವರ, ನಿಜವಾಗಿ ಇದ್ದರೆ, ಆಣೆಗಿಂತ ಬಲವಾದದ್ದು. ಹಿಂದಿನ ಕಡೆಗಳಲ್ಲಿ ಎಷ್ಟೆಷ್ಟು ಕಾಲ ಇದ್ದಿರಿ ಎಂಬುದೂ ಒಳ್ಳೆಯ ಸಾಕ್ಷಿಯೇ.

“ಬೇಜಾರಾಗಲ್ವಾ?” ಎಂಬುದಕ್ಕೆ ‘ಇಲ್ಲವೇ ಇಲ್ಲ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹಂತ 3ರ ಪಟ್ಟಿ ಇಲ್ಲಿ ಒದಗುತ್ತದೆ: “ವಸೂಲಿಗೆ ಫೋನ್ ಮಾಡೋದು ನನಗೆ ಅಷ್ಟು ಇಷ್ಟದ ಕೆಲಸ ಅಲ್ಲ, ಆದರೆ ಮಾಡ್ತೀನಿ. ತಾಳೆ ನೋಡೋದು ಮಾತ್ರ ಬೇಜಾರಾಗಲ್ಲ.” ಒಂದು ಸಣ್ಣ ಅನಿಷ್ಟವನ್ನು ಒಪ್ಪಿಕೊಂಡಾಗ ಉಳಿದದ್ದು ನಂಬುವಂತಾಗುತ್ತದೆ.

ಕಿರಿಯರ ಕೈಕೆಳಗೆ ಕೆಲಸ ಮಾಡುವ ಪ್ರಶ್ನೆ ನೇರವಾಗಿ ಬಂದರೆ ನಿಮ್ಮ ಅದೃಷ್ಟ. ಎದುರಿಗಿರುವವರೇ ಆ ಕಿರಿಯ ಮೇಲಧಿಕಾರಿ ಎಂದಿಟ್ಟುಕೊಳ್ಳಿ, ಮಾತು ಹೀಗೆ ನಡೆದೀತು:

“ಸರ್, ನೀವು ನನಗಿಂತ ತುಂಬಾ ಸೀನಿಯರ್. ನಾನು ತಗೊಂಡ ನಿರ್ಧಾರ ನಿಮಗೆ ತಪ್ಪು ಅನಿಸಿದರೆ ಏನ್ಮಾಡ್ತೀರಿ?”

“ನಿಮ್ಮ ಹತ್ತಿರ ಬಂದು ನಿಮಗೊಬ್ಬರಿಗೇ ಒಂದು ಸಲ ಹೇಳ್ತೀನಿ. ಕೇಳಿದ ಮೇಲೂ ಅದೇ ನಿರ್ಧಾರ ಅಂದ್ರೆ ಅದೇ ಪ್ರಕಾರ ಮಾಡ್ತೀನಿ. ನಾನು ಮ್ಯಾನೇಜರ್ ಆಗಿದ್ದಾಗ ನನ್ನ ಟೀಮ್‌ನವರಿಂದ ನಾನೂ ಅದನ್ನೇ ಬಯಸ್ತಿದ್ದೆ.”

ಈ ಉತ್ತರದಲ್ಲಿ ವಿನಯವೂ ಇದೆ, ಬೆನ್ನೆಲುಬೂ ಇದೆ. “ನೀವು ಹೇಳಿದ ಹಾಗೆ ಕೇಳ್ತೀನಿ” ಎಂದಷ್ಟೇ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ಇನ್ನೊಂದು ಮಾತು: ವಯಸ್ಸಿನಲ್ಲಿ ಚಿಕ್ಕವರೆಂದು ಸಂದರ್ಶಕರನ್ನು ‘ನೋಡಮ್ಮ’, ‘ಏನಪ್ಪ’ ಎನ್ನುವ ಅಭ್ಯಾಸ ಬಾಯಿತಪ್ಪಿಯೂ ನುಸುಳದಿರಲಿ. ಪ್ರೀತಿಯಿಂದ ಅಂದದ್ದೇ ಆದರೂ ಆ ಒಂದು ಪದಕ್ಕೇ ಎಲ್ಲ ಉತ್ತರಗಳೂ ನೀರುಪಾಲಾಗುತ್ತವೆ.

ಸಂಬಳದ ಪ್ರಶ್ನೆಗೆ ಸಿದ್ಧತೆ ಬೇಕೇ ಬೇಕು. ಮನೆಯ ತಿಂಗಳ ಖರ್ಚು, ಸಾಲದ ಕಂತು, ಉಳಿತಾಯ ಎಲ್ಲ ಕೂಡಿಸಿ, ಇದಕ್ಕಿಂತ ಕೆಳಗೆ ಆಗುವುದಿಲ್ಲ ಎಂಬ ಮೊತ್ತವನ್ನು ಮೊದಲೇ ನಿಗದಿ ಮಾಡಿಕೊಳ್ಳಿ. ಆ ಹುದ್ದೆಗೆ ಸಾಮಾನ್ಯವಾಗಿ ಎಷ್ಟು ಕೊಡುತ್ತಾರೆಂದು ವಿಚಾರಿಸಿ, ಅದು ನಿಮ್ಮ ಮೊತ್ತಕ್ಕಿಂತ ಕೆಳಗಿದ್ದರೆ ಸಂದರ್ಶನಕ್ಕೆ ಹೋಗುವುದೇ ದಂಡ. “ಈ ಹುದ್ದೆಗೆ ನೀವು ಇಟ್ಟಿರುವ ಮಿತಿ ಎಷ್ಟಂತ ತಿಳಿದರೆ ಸರಿಯಾಗಿ ಹೇಳಬಹುದು” ಎಂದು ಮೊದಲು ಕೇಳಿ. ಹಳೆಯ ಸಂಬಳ ಕೇಳಿದರೆ ಸುಳ್ಳು ಬೇಡ: “ಅದು ಬೇರೆ ಹುದ್ದೆಯ ಸಂಬಳ. ಈ ಹುದ್ದೆಗೆ ನಿಮ್ಮ ಮಿತಿಯೊಳಗೆ ನನಗೆ ಒಪ್ಪಿಗೆ.” ಒಪ್ಪಿದ ಮೇಲೆ, ಆಫರ್ ಬಂದ ದಿನ ಮತ್ತೆ ಚೌಕಾಸಿಗೆ ಇಳಿಯಬೇಡಿ. ಬೇರೆ ಅಭ್ಯರ್ಥಿ ಹಾಗೆ ಮಾಡಿದರೆ ಸಹಜ, ನೀವು ಮಾಡಿದರೆ ‘ಅಂದುಕೊಂಡ ಹಾಗೇ ಆಯ್ತು’ ಎನ್ನುತ್ತಾರೆ.

ಹಂತ 7: ರೆಸ್ಯೂಮೆಯಲ್ಲಿ ಏನು ಮೊಟಕು, ಏನು ಸುಳ್ಳು

ಪದವಿಯನ್ನೇ ಬಿಟ್ಟುಬಿಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಇದರಲ್ಲಿ ಎಚ್ಚರ ಬೇಕು. ಭಾರತದ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಪ್ರಕರಣದಲ್ಲಿ, ಸಾರ್ವಜನಿಕ ವಲಯದ ಬ್ಯಾಂಕೊಂದು ಪ್ಯೂನ್ ಹುದ್ದೆಗೆ 12ನೇ ತರಗತಿ ಪಾಸಾಗಿರಬೇಕು, ಪದವೀಧರರಾಗಿರಬಾರದು ಎಂದು ಜಾಹೀರಾತು ಕೊಟ್ಟಿತ್ತು. ಪದವಿ ಇದ್ದ ಅಭ್ಯರ್ಥಿಯೊಬ್ಬರು ಅದನ್ನು ಮುಚ್ಚಿಟ್ಟು ಆಯ್ಕೆಯಾದರು, ಬ್ಯಾಂಕ್ ಆಯ್ಕೆಯನ್ನು ರದ್ದು ಮಾಡಿತು. ಹೈಕೋರ್ಟ್ ಅಭ್ಯರ್ಥಿಯ ಪರ ನಿಂತರೂ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಬ್ಯಾಂಕಿನ ಕ್ರಮವೇ ಸರಿ ಎಂದಿತು. ಹೆಚ್ಚು ಓದಿದ್ದನ್ನು ಮುಚ್ಚಿಡುವುದೂ ಮಾಹಿತಿ ಮರೆಮಾಚಿದಂತೆಯೇ.

ಹಾಗಾದರೆ ಗೆರೆ ಎಲ್ಲಿ? ರೆಸ್ಯೂಮೆಯನ್ನು ಈ ಹುದ್ದೆಗೆ ತಕ್ಕಂತೆ ಮರುಜೋಡಿಸುವುದು, ಸಂಬಂಧವಿಲ್ಲದ ಹಳೆಯ ಕೆಲಸಗಳನ್ನು ಒಂದು ಸಾಲಿಗೆ ಇಳಿಸುವುದು, ‘ನೂರು ಜನರನ್ನು ನಡೆಸಿದೆ’ ಎಂಬುದನ್ನು ಕೆಳಗೆ ಹಾಕಿ ಕೈಯಾರೆ ಮಾಡಿದ ಕೆಲಸವನ್ನು ಮೇಲೆ ತರುವುದು, ಇದೆಲ್ಲ ಸರಿ. ಆದರೆ ಅರ್ಜಿ ನಮೂನೆಯಲ್ಲಿ ‘ಗರಿಷ್ಠ ವಿದ್ಯಾರ್ಹತೆ’, ‘ಹಿಂದಿನ ಹುದ್ದೆ’ ಎಂದು ನಿರ್ದಿಷ್ಟವಾಗಿ ಕೇಳಿದ್ದರೆ ಅಲ್ಲಿ ಇದ್ದದ್ದನ್ನೇ ಬರೆಯಬೇಕು. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಹೊರಬಿದ್ದರೆ, ನಿಮ್ಮ ಪ್ರಾಮಾಣಿಕ ಕಾರಣಗಳೂ ಸುಳ್ಳಿನ ಖಾತೆಗೆ ಸೇರುತ್ತವೆ. ಕವರ್ ಲೆಟರ್ ಬರೆಯುವ ಅವಕಾಶವಿದ್ದರೆ ಹಂತ 4ರ ಉತ್ತರದ ಎರಡು ಸಾಲನ್ನು ಅಲ್ಲೇ ಹಾಕಿ. ಬಹಳಷ್ಟು ಅರ್ಜಿಗಳು ಸಂದರ್ಶನದ ತನಕ ತಲುಪದೇ ಹೋಗುವುದು ‘ಯಾಕೆ’ ಎಂಬುದಕ್ಕೆ ಕಾಗದದ ಮೇಲೆ ಉತ್ತರವಿಲ್ಲದಿರುವುದರಿಂದ.

ಹಂತ 8: ನೀವು ಕೇಳಬೇಕಾದ ಪ್ರಶ್ನೆಗಳು

“ನಿಮಗೇನಾದರೂ ಕೇಳೋದಿದೆಯಾ?” ಎಂದಾಗ ಬಡ್ತಿಯ ಬಗ್ಗೆ ಕೇಳಿದರೆ ಇಷ್ಟು ಹೊತ್ತು ಕಟ್ಟಿದ್ದೆಲ್ಲ ಕುಸಿಯುತ್ತದೆ. ಬದಲಿಗೆ, “ಈ ಹುದ್ದೆಯಲ್ಲಿ ಮೊದಲ ಮೂರು ತಿಂಗಳಲ್ಲಿ ಏನು ಮುಗಿದರೆ ನಿಮಗೆ ಸಮಾಧಾನ?” ಎಂದು ಕೇಳಿ. ಈ ಜಾಗದಲ್ಲಿ ಹಿಂದೆ ಇದ್ದವರು ಯಾಕೆ ಬಿಟ್ಟರು ಎಂಬುದನ್ನೂ ಮೆಲ್ಲಗೆ ವಿಚಾರಿಸಿ.

ಇನ್ನೊಂದು ಪ್ರಶ್ನೆ ನಿಮ್ಮ ಒಳಿತಿಗೆ: ಸಣ್ಣ ನಿರ್ಧಾರಗಳನ್ನು ಈ ಹುದ್ದೆಯವರೇ ತೆಗೆದುಕೊಳ್ಳಬಹುದೇ, ಪ್ರತಿಯೊಂದಕ್ಕೂ ಮೇಲಿನವರ ಒಪ್ಪಿಗೆ ಬೇಕೇ? ಟರ್ಕಿಯ ಚಿಲ್ಲರೆ ಮಾರಾಟ ಮಳಿಗೆಗಳ ಸಿಬ್ಬಂದಿಯ ಮೇಲೆ ಎರ್ಡೊಆನ್ ಮತ್ತು ಬಾವರ್ ಎಂಬ ಸಂಶೋಧಕರು ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅರ್ಹತೆ ಹೆಚ್ಚೆಂದು ಭಾವಿಸಿದ್ದ ಸಿಬ್ಬಂದಿ ಮಾರಾಟದಲ್ಲಿ ಮುಂದಿದ್ದರು. ಅವರ ಅತೃಪ್ತಿ, ಬಿಟ್ಟುಹೋಗುವ ಇಚ್ಛೆ ಇವು ತಗ್ಗಿದ್ದು ಕೆಲಸದಲ್ಲಿ ತಮ್ಮ ಮಾತಿಗೆ ಬೆಲೆಯಿದೆ, ನಿರ್ಧಾರಕ್ಕೆ ಅವಕಾಶವಿದೆ ಎಂದು ಅನಿಸಿದ ಕಡೆ. ಹಾಗಾಗಿ ಉತ್ತರ ‘ಪ್ರತಿಯೊಂದಕ್ಕೂ ಸಹಿ ಬೇಕು’ ಎಂದಾದರೆ, ಸಂಬಳ ಕಡಿಮೆ ಎಂಬುದಕ್ಕಿಂತ ಅದರ ಬಗ್ಗೆಯೇ ಹೆಚ್ಚು ಯೋಚಿಸಿ.

ಹಂತ 9: ಅಭ್ಯಾಸ, ಆಮೇಲಿನ ಕೆಲಸ

ಉತ್ತರವನ್ನು ಬಾಯಿಪಾಠ ಮಾಡಬೇಡಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ ನೋಡಿ. ‘ನಮ್ಮ ಹಳೇ ಕಂಪನಿಯಲ್ಲಿ’ ಎಂಬ ಮಾತು ಎಷ್ಟು ಸಲ ಬಂತು ಎಣಿಸಿ, ಬಂದಲ್ಲೆಲ್ಲ ಕತ್ತರಿಸಿ. ಗೆಳೆಯರ ಬದಲು, ನೇಮಕ ಮಾಡಿ ಅನುಭವವಿರುವ ಯಾರಾದರೂ ಪರಿಚಿತರ ಮುಂದೆ ಹೇಳಿ, “ಇದರಲ್ಲಿ ನಿಮಗೆ ಯಾವುದು ಅನುಮಾನ ಹುಟ್ಟಿಸ್ತು?” ಎಂದು ಕೇಳಿ. ಗೆಳೆಯರು ಚೆನ್ನಾಗಿದೆ ಎನ್ನುತ್ತಾರೆ, ಅದರಿಂದ ಉಪಯೋಗವಿಲ್ಲ.

ಸಂದರ್ಶನ ಮುಗಿದ ಮೇಲೆ ನಾಲ್ಕು ಸಾಲಿನ ಇಮೇಲ್ ಕಳಿಸಿ. ಯಾವ ಪ್ರಶ್ನೆಯಲ್ಲಿ ಅವರ ಹುಬ್ಬು ಏರಿತ್ತೋ ಅದಕ್ಕೆ ಅಲ್ಲಿ ಇನ್ನೊಂದು ವಾಕ್ಯ ಸೇರಿಸಿ. “ಅರ್ಹತೆ ಹೆಚ್ಚಾಯಿತು” ಎಂದೇ ತಿರಸ್ಕರಿಸಿದರೆ ವಾದಕ್ಕಿಳಿಯದೆ, ಪ್ರೊಬೇಷನ್ ಅವಧಿಗೆ ಅಥವಾ ಕೆಲವು ತಿಂಗಳ ಕಾಂಟ್ರಾಕ್ಟ್‌ಗೆ ತೆಗೆದುಕೊಂಡು ನೋಡಬಹುದೇ ಎಂದು ಒಮ್ಮೆ ಮಾತ್ರ ಕೇಳಿ.

ಕೊನೆಯದಾಗಿ, ರೆಫರೆನ್ಸ್‌ಗೆ ನೀವು ಯಾರ ಹೆಸರು ಕೊಟ್ಟಿದ್ದೀರೋ ಅವರಿಗೆ ಮೊದಲೇ ಫೋನ್ ಮಾಡಿ. ಎಚ್‌ಆರ್‌ನವರು ಕರೆ ಮಾಡಿ “ಇವರು ಈ ಹುದ್ದೆಗೆ ಬರ್ತಿದ್ದಾರೆ” ಎಂದಾಗ ನಿಮ್ಮ ಹಳೆಯ ಬಾಸ್ “ಅಯ್ಯೋ, ಅಷ್ಟು ಚಿಕ್ಕ ಕೆಲಸಕ್ಕಾ? ಯಾಕೆ?” ಎಂದುಬಿಟ್ಟರೆ ಎಲ್ಲವೂ ಮೊದಲಿಗೇ ಬಂತು. ಯಾವ ಹುದ್ದೆಗೆ ಹಾಕಿದ್ದೀರಿ, ಯಾಕೆ ಹಾಕಿದ್ದೀರಿ, ಸಂದರ್ಶನದಲ್ಲಿ ಏನು ಹೇಳಿದಿರಿ ಎಂಬುದನ್ನು ಅವರಿಗೆ ತಿಳಿಸಿ, ಮತ್ತು ನೀವೇ ಕೂತು ಲೆಕ್ಕ ನೋಡುತ್ತಿದ್ದದ್ದು ಅವರಿಗೂ ನೆನಪಿದೆಯೇ ಎಂದು ಕೇಳಿಕೊಳ್ಳಿ.